ಮೈಮೇಲೆ ಚೆಲ್ಲಿದ್ದು

ನಡುರಾತ್ರಿ ಬಚ್ಚಲುಮನೆಯಲ್ಲಿ 'ಕಟಕ್' ಎಂದಿತು. ಬಾಟಲಿ ಮುಚ್ಚಳದ ಸೀಲು ಮುರಿಯುವ ಶಬ್ದ. ಅದು ಕೇಳಿಸದಿರಲೆಂದು ಮಾಧವ ನಲ್ಲಿಯನ್ನು ಜೋರಾಗಿ ಬಿಟ್ಟಿದ್ದ. ಮೈತ್ರೇಯಿಗೆ ಕೇಳಿಸಿತು, ಮಲಗಿದ್ದಾಗಲೂ ಅವಳ ಕಿವಿ ಮಲಗುತ್ತಿರಲಿಲ್ಲ. ಎದ್ದು ಹೋಗಿ ಬಾಗಿಲು ತಟ್ಟಿ, "ಮತ್ತೆ ತಂದ್ರಾ?" ಎಂದಳು. ಬಾಗಿಲು ತೆರೆಯಿತು. ಅವನು ಹೆಂಡತಿಯ ಕೂದಲು ಹಿಡಿದು ಅವಳ ಹಣೆಯನ್ನು ಬೇಸಿನ್ನಿನ ಅಂಚಿಗೆ ಬಡಿದ. ಎರಡನೆಯ ಸಲ ಬಡಿದಾಗ ಹುಬ್ಬು ಸೀಳಿತು.

ಜಾರಿ ಬಿದ್ದೆ ಎಂದು ಅವಳು ಹೇಳಿದ್ದನ್ನು ಕೇಳಿಸಿಕೊಂಡ ಡಾಕ್ಟರು ಹೊಲಿಗೆ ಮುಗಿಸಿ ಒಂದು ಫೋನ್ ನಂಬರ್ ಕೊಟ್ಟರು. "ಕುಡಿತ ಬಿಟ್ಟವರು ನಡೆಸೋ ಮೀಟಿಂಗು. ಒಂದ್ಸಲ ಮಾತಾಡಿ."

ಫೋನ್ ಎತ್ತಿದವನು ಮಹಾಂತೇಶ್.

"ಕುಡಿಯೋರು ನೀವಾ ಮೇಡಂ, ಯಜಮಾನ್ರಾ?"

"ಯಜಮಾನ್ರು."

"ಅವರಾಗೇ ಬರೋ ತನಕ ನಾವು ಎಳ್ಕೊಂಡು ಬರಕ್ಕಾಗಲ್ಲ. ನೀವು ಬನ್ನಿ. ಮನೆಯವರಿಗೆ ಪಕ್ಕದ ರೂಮಲ್ಲಿ ಬೇರೆ ಮೀಟಿಂಗ್ ಇದೆ, ನಮ್ಮನೆಯವಳು ಶಿಲ್ಪಶ್ರೀ ನೋಡ್ಕೊಳ್ತಾಳೆ. ಗುರುವಾರ ಸಂಜೆ, ಪುಟ್ಟೇನಹಳ್ಳಿ."

ಅದೊಂದು ಟ್ಯೂಷನ್ ಸೆಂಟರು. ಬಾಗಿಲಲ್ಲೇ ಮಹಾಂತೇಶ್ ಟೀ ಕೊಟ್ಟ. "ಕಿಕ್ ಬೇಕಿದ್ರೆ ಹೇಳಿ ಮೇಡಂ, ಶುಂಠಿ ಜಾಸ್ತಿ ಹಾಕಿಸ್ತೀನಿ." ಒಳಗೆ ಶಿಲ್ಪಶ್ರೀ ಅವಳ ಹುಬ್ಬು ನೋಡಿದಳು, ಕೇಳಲಿಲ್ಲ. "ನಮ್ಮನೇರು ಎಡಚರು. ಏಟು ಯಾವ ಕಡೆಯಿಂದ ಬರುತ್ತೆ ಅಂತಾನೇ ಗೊತ್ತಾಗ್ತಿರಲಿಲ್ಲ" ಎಂದಳು. ಹೆಂಗಸರೆಲ್ಲ ನಕ್ಕರು. ಮೈತ್ರೇಯಿಯೂ ನಕ್ಕಳು. ಹೊಲಿಗೆ ಜಗ್ಗಿ ನೋವಾಯಿತು.

ಮನೆಯಲ್ಲಿ ಅವಳು ಹೇಳಿದ್ದು, ಜಯನಗರದ ರಾಯರ ಮಠಕ್ಕೆ ಹೋಗುತ್ತೇನೆಂದು. ಗುರುವಾರವಲ್ಲವೇ, ಯಾರೂ ಅನುಮಾನಿಸರು ಅಂದುಕೊಂಡಿದ್ದಳು. ಮೂರನೆಯ ವಾರ ಅವಳು ಚಪ್ಪಲಿ ಬಿಡುತ್ತಿದ್ದಾಗ ಮಾಧವ ಕೈ ಚಾಚಿದ.

"ಮಂತ್ರಾಕ್ಷತೆ ಎಲ್ಲಿ?"

"ಇಸ್ಕೊಳ್ಳೋದು ಮರೆತೆ."

"ಮಠಕ್ಕೆ ಹೋಗಿ ಮಂತ್ರಾಕ್ಷತೆ ಮರೆತು ಬರೋ ಹೆಂಗಸನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ ಕಣೇ."

ಅಷ್ಟೇ ಅಂದ. ಹೊಡೆಯಲಿಲ್ಲ. ಅದಕ್ಕೇ ಅವಳು ಹೆಚ್ಚು ಹೆದರಿದಳು.

ಮುಂದಿನ ಗುರುವಾರ ಶಿಲ್ಪಶ್ರೀ ಜ್ವರವೆಂದು ಬಂದಿರಲಿಲ್ಲ. ಮೀಟಿಂಗ್ ಮುಗಿದು ಎಲ್ಲರೂ ಹೋಗಿದ್ದರು. ಮಹಾಂತೇಶ್ ಬೀಗ ಹಾಕುತ್ತಿದ್ದ, ಮೈತ್ರೇಯಿ ಆಟೋ ಕಾಯುತ್ತಿದ್ದಳು. ಬೈಕು ಬಂದು ನಿಂತಿತು.

"ಇವನೇನಾ ನಿನ್ನ ರಾಯರು?" ಎಂದ ಮಾಧವ.

ಮಹಾಂತೇಶ್ ತಿರುಗಿದ. "ಓ, ಬನ್ನಿ ಸಾರ್, ಬನ್ನಿ, ಕೂತ್ಕೊಂಡು—"

ಮಾಧವನ ಜಾಕೆಟ್ಟಿನಿಂದ ಬಂದ ವಿಸ್ಕಿ ಬಾಟಲಿ ಅವನ ತಲೆಯ ಮೇಲೆ ಒಡೆಯಿತು. ವಿಸ್ಕಿಯೂ ರಕ್ತವೂ ಸೇರಿ ಮುಖದ ಮೇಲೆ ಇಳಿದವು. ಅವನು ಕುಸಿದು ಕೂತ. ಮಾಧವ ಪಕ್ಕೆಗೆ ಒದ್ದ, ಅವನು ಉರುಳಿದ ಮೇಲೆ ಬೆನ್ನಿಗೆ ಒದ್ದ, ಬಾಯಿಗೆ ಒದ್ದ. ತನ್ನ ಅಂಗೈಯೂ ಕೊಯ್ದಿದ್ದು ಕಂಡಾಗ ನಿಲ್ಲಿಸಿ, ಬೈಕಿನತ್ತ ನಡೆದು, ಕರ್ಚೀಫು ಸುತ್ತಿಕೊಳ್ಳುತ್ತ ಹಾರ್ನ್ ಒತ್ತತೊಡಗಿದ.

ಮಹಾಂತೇಶ್ ಗೋಡೆಯ ಪಕ್ಕದ ನಲ್ಲಿಯವರೆಗೆ ತೆವಳಿದ. ಗಾಯವನ್ನು ಮುಟ್ಟಲಿಲ್ಲ. ಬಾಯಿ ಮುಕ್ಕಳಿಸಿ ಉಗಿದ, ಮತ್ತೆ ಮುಕ್ಕಳಿಸಿದ, ನಾಲಿಗೆಯನ್ನು ಅಂಗಿಯ ತೋಳಿಗೆ ಉಜ್ಜಿದ. ಆ ತೋಳೂ ವಿಸ್ಕಿಯಲ್ಲಿ ನೆನೆದಿತ್ತು.

"ಒಳಗೆ ಹೋಯ್ತು ಮೇಡಂ. ನಾಲ್ಕು ವರ್ಷ ಆದ್ಮೇಲೆ..." ಎಂದ. "ವಾಸನೆ ಬಂದ್ರೆ ಬಾಗಿಲು ತೆಗಿಯಲ್ಲ ಅಂದಿದ್ದಾಳೆ ಶಿಲ್ಪ. ಯಾರೋ ಹೊಡೆದ್ರು, ಮೈಮೇಲೆ ಚೆಲ್ಲಿದ್ರು ಅಂತ ಆಗ ಎಷ್ಟು ಸಲ ಸುಳ್ಳು ಹೇಳಿದ್ದೀನೋ. ಇವತ್ತು ಅದನ್ನೇ ಹೇಳಿದ್ರೆ ನಗ್ತಾಳೆ. ಪೊಲೀಸು ಗಿಲೀಸು ಏನೂ ಬೇಡ. ನೀವು ಅವಳಿಗೊಂದು ಮಾತು ಹೇಳಿ. ಇವತ್ತು ನನ್ನ ಹೊರಗೆ ನಿಲ್ಲಿಸಿದ್ರೆ, ಎಲ್ಲಿಗೆ ಹೋಗ್ತೀನಿ ಅಂತ ನನಗೇ ಗೊತ್ತು."

"ಹೇಳ್ತೀನಿ" ಎಂದಳು ಮೈತ್ರೇಯಿ. "ಖಂಡಿತ ಹೇಳ್ತೀನಿ."

ಬೈಕು ಮನೆ ತಲುಪುವುದರೊಳಗೇ ಅವಳ ಫೋನ್ ರಿಂಗಾಗತೊಡಗಿತ್ತು. ಮಾಧವ ಒಳಗೆ ಬಂದು ಚಿಲಕ ಹಾಕಿ, ಫೋನ್ ಕಿತ್ತುಕೊಂಡು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಒಂದು ಕೈಯಲ್ಲಿ ಅವಳ ಕತ್ತು ಹಿಡಿದು, ಇನ್ನೊಂದರ ಹೆಬ್ಬೆರಳನ್ನು ಹುಬ್ಬಿನ ಇನ್ನೂ ಪೂರ್ತಿ ಮಾಗದ ಗಾಯಕ್ಕೆ ಒತ್ತಿದ.

"ಮೈತ್ರೇಯಿ, ನಾನು ಶಿಲ್ಪಶ್ರೀ. ಇವರು ಗಬ್ಬುನಾತ ಹೊಡೀತಾ ಬಂದಿದ್ದಾರೆ, ಮುಖವೆಲ್ಲ ರಕ್ತ. ಗೇಟಿನಾಚೆ ನಿಂತು, ನಿಮ್ಮನ್ನ ಕೇಳು ಅಂತಿದ್ದಾರೆ. ಇವರ ಮಾತು ನಂಬಲ್ಲ ನಾನು. ನೀವು ಹೇಳಿದ್ರೆ ನಂಬ್ತೀನಿ. ಏನಾಯ್ತಮ್ಮಾ?"

ಹಿಂದಿನಿಂದ ಮಹಾಂತೇಶನ ದನಿ ಕೇಳಿಸಿತು: "ಹೇಳಿ ಮೇಡಂ."

ಹೆಬ್ಬೆರಳು ಆಳಕ್ಕೆ ಇಳಿಯಿತು. ಕಣ್ಣೊಳಗೆ ಬಿಸಿಯಾಗಿ ಏನೋ ಹರಿಯಿತು.

"ನಾನು ಬೇಗ ಹೊರಟುಬಿಟ್ಟೆ. ನನಗೆ ಗೊತ್ತಿಲ್ಲ."

ಆ ಕಡೆಯಿಂದ ಕಾಲ್ ಕಟ್ಟಾಯಿತು.

ಮಾಧವ ಅಂಗೈ ಚಾಚಿದ. ಅವಳು ಗಾಜಿನ ಚೂರುಗಳನ್ನು ಒಂದೊಂದಾಗಿ ಕಿತ್ತು, ಅರಿಶಿನ ಒತ್ತಿ, ಬಟ್ಟೆ ಕಟ್ಟಿದಳು. ಅವನು ಉಂಡು, ಸೋಫಾದ ಮೇಲೇ ಗೊರಕೆ ಹೊಡೆದ.

ಫೋನ್ ಕೈಗೆಟುಕುವಲ್ಲಿತ್ತು. ಈಗ ಕತ್ತಿನ ಮೇಲೆ ಯಾರ ಕೈಯೂ ಇರಲಿಲ್ಲ. ಒಂದೇ ಮಾತು ಸಾಕಿತ್ತು. ಮಹಾಂತೇಶ್ ಇನ್ನೂ ಗೇಟಿನ ಬಳಿಯೇ ಇದ್ದಾನು. ಆದರೆ ಆ ಮಾತು ಕೇಳಿದ ಶಿಲ್ಪಶ್ರೀ ಸುಮ್ಮನಿರುವವಳಲ್ಲ, ನೇರ ಸ್ಟೇಷನ್ನಿಗೆ ಹೋಗುವವಳು. ಸ್ಟೇಷನ್ನಿಗೆ ಹೋದ ಮಾಧವ ಮನೆಗೆ ತಿರುಗಿ ಬರುವವನು. ಮೈತ್ರೇಯಿ ಫೋನನ್ನು ಆಫ್ ಮಾಡಿ ಅಕ್ಕಿಡಬ್ಬದ ಹಿಂದೆ ಇಟ್ಟಳು. ಶಿಲ್ಪಶ್ರೀಗೆ ಹೇಳುವುದಿಲ್ಲ. ಮತ್ತೆ ಹೊಲಿಗೆ ಹಾಕಿಸಲು ಹೋದಾಗ ಡಾಕ್ಟರು ಕೇಳಿದರೂ ಹೇಳುವುದಿಲ್ಲ. ಯಾರಿಗೂ, ಎಂದೂ.