ಮುಂದಿನ ತಿರುವಿನ ಮಣ್ಣು

ಕೂಸನ್ನು ಮಣ್ಣಿಗಿಡುವಾಗ ಹೆತ್ತವಳನ್ನು ಕರೆದೊಯ್ಯುವುದಿಲ್ಲ. ಶಿರೋಳದ ಸಿದ್ದಲಿಂಗವ್ವನಿಗೆ ಮಗಳ ಗುರುತೆಂದರೆ ಆಮೇಲೆ ಗಂಡ ಮಹಾಲಿಂಗಪ್ಪ ತೋರಿಸಿದ, ಹೊಲದಂಚಿನ ಹಳ್ಳದ ದಂಡೆಯ ಒಂದು ಕಲ್ಲು. ದೊಡ್ಡ ಹೊಳೆ ಬಂದ ವರ್ಷ ಕಲ್ಲೂ ಹೋಯಿತು, ದಂಡೆಯೂ ಹೋಯಿತು.

‘ಹಳ್ಳ ಏನೂ ನುಂಗಂಗಿಲ್ಲ ಯವ್ವಾ. ಇಲ್ಲಿ ಕೊರದದ್ದನ್ನ ಮುಂದಿನ ತಿರುವಿನಾಗ ಇಳಸತೈತಿ’ ಎಂದಿದ್ದಳು ಅತ್ತೆ, ಎತ್ತಲೋ ನೋಡುತ್ತ.

ನೀರಿಳಿದ ಮೇಲೆ ಮುಂದಿನ ತಿರುವಿನಲ್ಲಿ ನಿಜಕ್ಕೂ ಹೊಸ ದಿಬ್ಬ ಎದ್ದಿತ್ತು. ಹಿಂದೆ ದಪ್ಪ, ಮುಂದೆ ಅಗಲವಾಗಿ ತೆಳುವಾಗುತ್ತ, ನಡುವೆ ತಗ್ಗು. ಥೇಟ್ ಮೊರ. ಹುಟ್ಟಿದ ಐದನೆಯ ದಿನ, ಶಾಸ್ತ್ರಕ್ಕೆಂದು ಮಗಳನ್ನು ಮಲಗಿಸಿದ್ದು ಮೊರದಲ್ಲೇ. ಅಂದಿನಿಂದ ಕಟ್ಟಿಗೆ ಆರಿಸುವ ನೆವದಲ್ಲಿ ಅಲ್ಲಿ ಕೂತು ಬರುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

ಈ ಸಲ ಮಳೆ ತಡವಾಗಿತ್ತು. ಆಷಾಢದ ಗುಳ್ಳವ್ವನ ಹಬ್ಬಕ್ಕೆ ಮಂಗಳವಾರ ಗೊಂಬೆ ಮಾಡಲು ಮಣ್ಣು ಬೇಕೆಂದು ಮೈದುನನ ಮಗಳು ಚಿನ್ನು ಹಟ ಹಿಡಿದಳು. ಇಬ್ಬರೂ ಹಳ್ಳಕ್ಕಿಳಿದರೆ ಜೆಸಿಬಿಯ ಸದ್ದು. ದಿಬ್ಬ ಅರ್ಧಕ್ಕರ್ಧ ಇಲ್ಲ. ಟ್ರ್ಯಾಕ್ಟರಿನ ಪಕ್ಕ ಮಹಾಲಿಂಗಪ್ಪ ಹಿಗ್ಗಿನಿಂದ ನಿಂತಿದ್ದ.

‘ನಮ್ಮ ಹೊಲಕ್ಕ ಹೊಡಸಾಕತ್ತೇನಿ ನೋಡ. ಮೆಕ್ಕಲು ಮಣ್ಣಂದ್ರ ಬಂಗಾರ! ಹೆಸರಿನ ಪೀಕು ಹ್ಯಾಂಗ ಬರತೈತಿ ನೋಡೀಯಂತ.’

‘ನಿಂದರಸ್ರಿ.’

‘ಯಾಕ? ಗುಳ್ಳವ್ವಗ ಒಂದು ಟ್ರ್ಯಾಕ್ಟರ್ ಮಣ್ಣು ಬೇಕೇನು?’

ಜೆಸಿಬಿಯ ಹಾಲೇಶನೂ ನಕ್ಕ.

‘ನಿಮ್ಮ ಮಗಳು ಅದರಾಗ ಅದಾಳ್ರಿ.’

ಮಹಾಲಿಂಗಪ್ಪ ಹಳ್ಳದ ಮೇಲ್ಗಡೆ, ಕಲ್ಲಿದ್ದ ಕಡೆ ನೋಡಿದ. ಆಮೇಲೆ ದಿಬ್ಬ ನೋಡಿದ. ತಲೆಗೆ ಸುತ್ತಿದ್ದ ಟವೆಲ್ಲು ಕೈಗೆ ಬಂತು.

‘ಹಾಲೇಶಾ, ಬಂದ್ ಮಾಡೋ.’

ಸದ್ದು ನಿಂತಿತು.

‘ನೀ ಮರತೀದಿ ಅಂತ ತಿಳದಿದ್ದೆ’ ಎಂದ. ‘ಉಳದದ್ದನ್ನ ಮುಟ್ಟಂಗಿಲ್ಲ ತಗೋ.’

ಅವಳು ಉಳಿದ ಅರ್ಧವನ್ನು ನೋಡಿದಳು. ದಂಡೆಯ ಮೇಲೆ, ಹೊಲದ ತುಂಬ ಆಗಲೇ ಹರವಿದ್ದ ಕರಿಮಣ್ಣನ್ನೂ ನೋಡಿದಳು.

‘ಯಾವ ಅರ್ಧದಾಗ ಇದ್ಲೋ.’



‘ದೊಡ್ಡವ್ವಾ, ಮಣ್ಣು?’ ಚಿನ್ನು ಸೆರಗೆಳೆದಳು.

ಸಿದ್ದಲಿಂಗವ್ವ ದಿಬ್ಬದಿಂದ ಒಂದು ಹಿಡಿ ತೆಗೆದುಕೊಂಡಳು. ದಂಡೆ ಹತ್ತಿ ಹೊಲದಿಂದ ಇನ್ನೊಂದು ಹಿಡಿ.

‘ಒಂದ ಕಡೇದು ಸಾಕಲ್ಲ, ದೊಡ್ಡವ್ವಾ?’

‘ಸಾಲಂಗಿಲ್ಲ ಯವ್ವಾ.’

ಅಲ್ಲೇ ಬದುವಿನ ಮೇಲೆ ಕೂತಳು. ಒಣಮಣ್ಣು ಒಂದಕ್ಕೊಂದು ಹತ್ತಲಿಲ್ಲ. ಹಿಂದೆಯೇ ಬಂದ ಮಹಾಲಿಂಗಪ್ಪ ಕುಡಿಯುವ ನೀರಿನ ಬಾಟಲಿ ಬಿಚ್ಚಿ, ಅವಳ ಅಂಗೈಗೆ ಸಣ್ಣಗೆ ನೀರು ಬಿಡತೊಡಗಿದ. ಅವಳು ನಾದಿದಳು. ಎರಡೂ ಮಣ್ಣು ಸೇರಿ, ಯಾವುದು ಎಲ್ಲಿಯದೆಂದು ತಿಳಿಯದಂತಾದ ಮೇಲೂ ನಾದುತ್ತಲೇ ಇದ್ದಳು.

‘ಇನ್ನೂ ನಾದತೀಯೇನ, ದೊಡ್ಡವ್ವಾ?’ ಎಂದಳು ಚಿನ್ನು. ‘ಗೊಂಬಿ ಯಾವಾಗ ಮಾಡೂದು?’