ದೊಡ್ಡಮ್ಮನ ಖಾತೆ

“ನಿಮ್ಮ ನಕ್ಷತ್ರ ಮಂಕಾಗಿ ಮತ್ತೆ ಬೆಳಗೋವರೆಗೂ ನಿಮ್ಮ ಖಾತೆ ಮುಚ್ಚಲ್ಲ, ದೊಡ್ಡಮ್ಮ” ಎಂದು ಅವರು ನಿವೃತ್ತರಾದ ದಿನ ಮಾತು ಕೊಟ್ಟಿದ್ದೆ. ಆಗ ನಾನು ವೀಕ್ಷಣಾಲಯಕ್ಕೆ ಹೊಸಬಳು. ಅಲ್ಲಿನವರೆಲ್ಲ ಬಳಸುತ್ತಿದ್ದುದು ಒಂದೇ ದೊಡ್ಡ ಕಂಪ್ಯೂಟರು. ಯಾರಿಗೆ ಖಾತೆ ತೆರೆಯಬೇಕು, ಯಾರದನ್ನು ಮುಚ್ಚಬೇಕು, ಯಾರ ಪಾಸ್‌ವರ್ಡಿನ ಅವಧಿ ಮುಗಿದಿದೆ ಎಂದು ನೋಡುವುದು ನನ್ನ ಕೆಲಸ.

ದೊಡ್ಡಮ್ಮ ನನಗೆ ನೆಂಟರೇನಲ್ಲ. ಆ ಖಗೋಳ ವಿಜ್ಞಾನಿಯನ್ನು ವೀಕ್ಷಣಾಲಯವೇ ಹಾಗೆ ಕರೆಯುತ್ತಿತ್ತು. ಅವರು ಜೀವಮಾನವಿಡೀ ಬೆನ್ನು ಹತ್ತಿದ್ದು ಒಂದೇ ನಕ್ಷತ್ರವನ್ನು. ಇಪ್ಪತ್ತೇಳು ವರ್ಷಕ್ಕೊಮ್ಮೆ ಕಪ್ಪು ಧೂಳಿನ ಭಾರಿ ತಟ್ಟೆಯೊಂದು ಅದಕ್ಕೆ ಅಡ್ಡ ಬರುತ್ತದೆ. ಎರಡು ವರ್ಷದಷ್ಟು ಕಾಲ ಅದರ ಬೆಳಕು ಕುಂದಿರುತ್ತದೆ. ಹಿಂದಿನ ಸಲ ತಮ್ಮ ಕೈಗೂಸಿನ ಕಾಯಿಲೆಯ ನಡುವೆ ಅವರಿಗೆ ಅದನ್ನು ನೋಡಲಾಗಲಿಲ್ಲ. ಮುಂದಿನದಕ್ಕೆ ತಾವಿರುವುದಿಲ್ಲ. ಉಳಿದದ್ದು ಈಗ ಬರಲಿರುವುದೊಂದೇ. ಕಣ್ಣು ಮಬ್ಬಾದ ಮೇಲೆ ಅವರು ಮನೆಯಿಂದಲೇ ಲಾಗಿನ್ ಆಗಿ, ದೂರದರ್ಶಕ ಅಳೆದ ಅದರ ಬೆಳಕಿನ ಅಂಕಿಗಳನ್ನು ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಿದ್ದರು.

ಮೂರು ತಿಂಗಳಿಗೊಮ್ಮೆ ಎಲ್ಲರೂ ಪಾಸ್‌ವರ್ಡ್ ಬದಲಿಸಬೇಕಿತ್ತು. ನಾನು ನೆನಪಿಸಿದಾಗಲೆಲ್ಲ ಫೋನಿನಲ್ಲಿ ಜಗಳ.

“ಹಳೇದನ್ನೇ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ ಬೀಗದಮ್ಮಾ?”

“ತಗೊಳಲ್ಲ ದೊಡ್ಡಮ್ಮ. ಹಿಂದೆ ಹಾಕಿದ್ದನ್ನೆಲ್ಲ ಅದು ನೆನಪಿಟ್ಕೊಂಡಿರುತ್ತೆ.”

“ಥೇಟ್ ನಮ್ಮತ್ತೆ!”

ಈ ವರ್ಷ ಅಂಕಿಗಳು ಇಳಿಯತೊಡಗಿದವು. ಅದೇ ಹೊತ್ತಿಗೆ ಹೊಸ ನಿಯಮ ಬಂತು: ಕೆಲಸ ಬಿಟ್ಟವರ ಖಾತೆಗಳೆಲ್ಲ ತಿಂಗಳ ಕೊನೆಗೆ ಬಂದ್. ಇದೊಂದನ್ನು ಬಿಡಿ ಎಂದು ನಿರ್ದೇಶಕರ ಬಳಿ ಅಂಗಲಾಚಿದೆ.

“ಹೋದ ವರ್ಷ ಕಳ್ಳ ನುಗ್ಗಿದ್ದು ಇಂಥದ್ದೇ ಹಳೇ ಖಾತೆಯಿಂದ. ಮರೆತ್ರಾ?”

“ಅಂಕಿಗಳನ್ನಾದ್ರೂ ನಾನೇ ಕಳಿಸ್ತೀನಿ ಸರ್.”

“ವರದಿ ಅಚ್ಚಾಗೋವರೆಗೆ ಹೊರಗಿನವರಿಗೆ ಕೊಡೋ ಹಾಗಿಲ್ಲ. ಈಗ ಅವರೂ ಹೊರಗಿನವರೇ ಅಲ್ವಾ?” ಹೇಳುವಾಗ ಅವರ ಮುಖವೂ ಸಪ್ಪಗಿತ್ತು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಕೊನೆಯ ದಿನ ಕೆಲಸ ಮುಗಿಸಿ, ಮಗಳನ್ನು ಶಿಶುವಿಹಾರದಿಂದ ಕರೆದುಕೊಂಡು ನೇರ ಅವರ ಮನೆಗೆ ಹೋದೆ. ವಿಷಯ ಕೇಳಿ ದೊಡ್ಡಮ್ಮ ಕೀಬೋರ್ಡಿನ ಮೇಲಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ಗೋಡೆ ಹಿಡಿದು ಎದ್ದರು.

“ಕತ್ತಲಾಯ್ತಾ? ನಡಿ ಮೇಲಕ್ಕೆ.”

ತಾರಸಿಯಲ್ಲಿ ಒಗೆದ ಬಟ್ಟೆಗಳು ತೂಗುತ್ತಿದ್ದವು. ಅವರು ನನ್ನ ಗಲ್ಲ ಹಿಡಿದು ತಿರುಗಿಸಿದರು.

“ಅಲ್ಲೊಂದು ಹಳದಿ ನಕ್ಷತ್ರ, ದೊಡ್ಡದು. ಪಕ್ಕದಲ್ಲಿ ಮೂರು ಚಿಕ್ಕವು, ಮೂರು ಕಲ್ಲಿನ ಒಲೆ ಹಾಗೆ. ಸಿಕ್ತಾ?”

“ಸಿಕ್ತು.”

“ಹಳದಿಗೆ ಹತ್ತಿರ ಇರೋಳು ಅಕ್ಕ, ನನ್ನ ನಕ್ಷತ್ರ. ಇನ್ನಿಬ್ಬರು ತಂಗಿಯರು. ಯಾವಾಗ್ಲೂ ಅಕ್ಕನದೇ ಹೆಚ್ಚು ಬೆಳಕು. ಈಗ ಯಾರದು ಹೆಚ್ಚು, ಹೇಳು. ಸುಳ್ಳು ಹೇಳ್ಬೇಡ, ನನಗೆ ಕಾಣಲ್ಲ.”

ನಾನು ನೋಡಿದೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಅಕ್ಕ ಕಂದಿದ್ದಳು. ತಂಗಿಯೊಬ್ಬಳು ಅವಳನ್ನು ಮೀರಿ ಹೊಳೆಯುತ್ತಿದ್ದಳು. ಇಷ್ಟು ವರ್ಷ ಅಂಕಿಯಾಗಿ ಕಂಡದ್ದು ನಿಜವಾಗಿ ಅಲ್ಲಿತ್ತು, ನಿಜವಾಗಿ ಮಂಕಾಗಿತ್ತು. ಆ ನೆರಳು ಬಿದ್ದು ಸಾವಿರಾರು ವರ್ಷಗಳಾಗಿವೆ. ಎಲ್ಲೂ ನಿಲ್ಲದೆ ನಡೆದು, ಬಟ್ಟೆ ಹಗ್ಗದ ಮೇಲಿಂದ, ಅದು ಈಗ ತಾನೇ ನನ್ನ ಕಣ್ಣಿಗಿಳಿಯುತ್ತಿತ್ತು. ಮೈ ಜುಮ್ಮೆಂದಿತು.

“ಅಮ್ಮಾ, ಯಾಕೆ ಅಳ್ತೀಯ? ಹಸಿವಾಯ್ತಾ?” ಎಂದಳು ಮಗಳು.

“ತಂಗೀದೇ ಹೆಚ್ಚು, ದೊಡ್ಡಮ್ಮ” ಎಂದೆ ಕೊನೆಗೆ.

ಅವರು ನನ್ನ ತೋಳು ಬಿಗಿಯಾಗಿ ಹಿಡಿದರು. ಕಾಣದ ಕಣ್ಣನ್ನು ಮೇಲಕ್ಕೆತ್ತಿ ನಿಂತೇ ಇದ್ದರು.

“ಶುರುವಾಗಿದೆ” ಎಂದರು ಮೆಲ್ಲಗೆ. “ನೀನು ಮುಚ್ಚು ಹೋಗು. ಮೋಡ ಇಲ್ಲದ ಸಂಜೆ ಬಂದು, ಅಕ್ಕ ಹೇಗಿದ್ದಾಳೆ ಅಂತ ಹೇಳು. ನೋಡೋಕೂ ನಿಮ್ಮ ನಿರ್ದೇಶಕರ ಅಪ್ಪಣೆ ಬೇಕೇನು?”

ಮನೆಗೆ ಬಂದು, ಮಗಳನ್ನು ಮಲಗಿಸಿ, ಅವರ ಖಾತೆ ಮುಚ್ಚಿದೆ. ಕೊಟ್ಟ ಮಾತಿಗೆ ತಪ್ಪಿದೆ.