ಆಟ ಹೇಳುವವಳು

ಟೈಲರಮ್ಮನಿಗೆ ಫುಟ್‌ಬಾಲ್ ಅಂದರೆ ಸವತಿ ಇದ್ದ ಹಾಗೆ. ಮದುವೆಯಾದ ಮೊದಲ ವಾರವೇ ಗಂಡ ತಟ್ಟೆಯಲ್ಲಿ ಊಟ ಅರ್ಧ ಬಿಟ್ಟು ಮ್ಯಾಚಿಗೆ ಓಡಿದ್ದ. ಆಮೇಲಿನ ಮೂವತ್ತು ವರ್ಷವೂ ಅದೇ ಕಥೆ. ಕ್ಲಬ್ಬಿನ ಮೈದಾನ ಅವರ ಬೀದಿಯ ಕೊನೆಗೇ ಇತ್ತು. ಗೋಲು ಬಿದ್ದರೆ ಹೊಲಿಗೆ ಮೆಷಿನ್ನಿನ ಮೇಲಿಟ್ಟ ಕತ್ತರಿ ಅದುರುತ್ತಿತ್ತು. ಆದರೂ ಮೈದಾನದ ಗೋಡೆಯ ಆಚೆ ಏನಿದೆ ಅಂತ ಅವಳು ಒಂದು ದಿನವೂ ಇಣುಕಿದವಳಲ್ಲ. ಇಣುಕಿದರೆ ತಾನು ಸೋತ ಹಾಗೆ ಅಂತ ಅವಳ ಲೆಕ್ಕ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಂಸಾರ, ಆದರೆ ಗಾಡಿ ಹೇಗೋ ಮುಂದಕ್ಕೆ ಹೋಗುತ್ತಿತ್ತು.

ಗಂಡ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವನು. ಬೀದಿಯವರು ಈಗಲೂ ಅವನನ್ನು ಡ್ರೈವರ್ ಅಂತಲೇ ಕರೆಯುತ್ತಾರೆ. ಸಕ್ಕರೆ ಕಾಯಿಲೆ ಮೊದಲು ಅವನ ಎಡಗಣ್ಣು ತಿಂದಿತು, ಆಮೇಲೆ ಬಲಗಣ್ಣು. ಇನ್ನು ನಮ್ಮ ಕೈಲಿ ಏನೂ ಇಲ್ಲ ಅಂತ ಡಾಕ್ಟರು ಹೇಳಿದ ದಿನ ಮನೆಗೆ ಬಂದು ಹಿಂದಿನ ಕೋಣೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ, ಅಷ್ಟೇ. ಸ್ನಾನಕ್ಕೆ, ಊಟಕ್ಕೆ ಏಳುವುದು ಬಿಟ್ಟರೆ ಹೊಸ್ತಿಲು ದಾಟಲಿಲ್ಲ. ಮಾತು "ಹೂಂ", "ಬೇಡ" ಅನ್ನುವಲ್ಲಿಗೆ ಬಂದು ನಿಂತಿತು. ಹೊರಗೆ ಬಿಸಿಲು ಎಷ್ಟು ಚೆನ್ನಾಗಿದೆ ನೋಡ್ರೀ ಅಂತ ಅವಳು ಬಾಯಿತಪ್ಪಿ ಅಂದಾಗ, "ಕಣ್ಣಿಲ್ಲದೋನಿಗೆ ಬಿಸಿಲು ತೋರಿಸ್ಬೇಡ" ಅಂತ ಸಿಡುಕಿದ್ದ. ಅಲ್ಲಿಂದಾಚೆಗೆ ಅವಳು ಕಂಡದ್ದನ್ನು ಹೇಳುವುದನ್ನೇ ಬಿಟ್ಟಳು. ಬೀದಿಯ ಈ ತುದಿಯಲ್ಲಿ ಮಾತಾಡಿದರೆ ಆ ತುದಿಗೆ ಕೇಳಿಸುವ ಹೆಂಗಸು ಅವಳು. ಅಂಥವಳು ಸ್ವಂತ ಮನೆಯಲ್ಲೇ ಬಾಯಿಗೆ ಬೀಗ ಹಾಕಿಕೊಂಡು ತಿರುಗುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಅಷ್ಟರಲ್ಲಿ ಬಂದವಳು ನೆಂಟರ ಹುಡುಗಿ. ಕರೆಯದಿದ್ದರೂ ನೆಂಟರ ಹಾಗೆ ಮನೆ ಮನೆಗೆ ಬರುತ್ತಾಳೆ ಅಂತ ಬೀದಿಯವರು ಇಟ್ಟ ಹೆಸರು ಅದು. ಸುತ್ತಲ ಬೀದಿಗಳಿಗೆ ಒಳ್ಳೆಯದು ಮಾಡುತ್ತೇವೆ ಅಂತ ಕ್ಲಬ್ಬಿನವರು ಹೊರಟು ಕೆಲವು ವರ್ಷ ಆಗಿತ್ತು. ಮೊದಲು ಗಿಡ ನೆಟ್ಟು ಫೋಟೋ ತೆಗೆಸಿಕೊಂಡರು. ಗಿಡ ಒಣಗಿತು, ಫೋಟೋ ಮಾತ್ರ ಕ್ಲಬ್ಬಿನ ಬಾಗಿಲಲ್ಲಿ ಹಸಿರಾಗೇ ಇದೆ. ಆಮೇಲೆ ಬುದ್ಧಿ ಬಂದು, ಹೆಂಗಸರ ತಂಡದಲ್ಲಿ ಆಡುತ್ತಿದ್ದು ಮಂಡಿ ಮುರಿದುಕೊಂಡಿದ್ದ ಈ ಹುಡುಗಿಯನ್ನು ಆ ಕೆಲಸಕ್ಕೆ ಹಾಕಿದರು. ಅವಳು ಗಿಡ ನೆಡಲಿಲ್ಲ. ಒಂದು ಕಾಲು ಸ್ವಲ್ಪ ಎಳೆಯುತ್ತ ಮನೆ ಮನೆಯ ಬಾಗಿಲಿಗೂ ಹೋಗಿ, "ನಿಮ್ಮನೇಲಿ ಮ್ಯಾಚಿಗೆ ಬರೋ ಆಸೆ ಇದ್ದೂ ಬರೋಕಾಗದೋರು ಯಾರಾದ್ರೂ ಇದಾರಾ?" ಅಂತ ಕೇಳುತ್ತಿದ್ದಳು.

ಕಣ್ಣು ಕಾಣದವರಿಗೆ ಅಂತ ಅವಳು ಗ್ಯಾಲರಿಯಲ್ಲಿ ಒಂದು ಸಾಲು ಬಿಡಿಸಿದ್ದಳು. ಒಂದು ಕಿವಿಗೆ ಪುಟ್ಟ ಯಂತ್ರ ಸಿಕ್ಕಿಸಿಕೊಂಡು ಕೂರಬೇಕು, ಇನ್ನೊಂದು ಕಿವಿ ಜನರ ಗಲಾಟೆಗೆ. ಅದೇ ಸಾಲಿನಲ್ಲಿ ನೆರೆಯವರೊಬ್ಬರು ಮೈಕ್ ಹಿಡಿದು ಆಟ ಹೇಳಬೇಕು. ರೇಡಿಯೋದವರು ಬೇಡ, ನೆರೆಯವರೇ ಆಗಬೇಕು ಅಂತ ಅವಳ ಹಟ. "ರೇಡಿಯೋದೋರು ದೂರದೋರಿಗೆ ಹೇಳ್ತಾರೆ. ಇಲ್ಲಿ ಪಕ್ಕದಲ್ಲಿ ಕೂತೋರಿಗೆ ಹೇಳ್ಬೇಕು, ಅದು ಬೇರೆ" ಅನ್ನುತ್ತಿದ್ದಳು.

ಡ್ರೈವರ್ ಎರಡು ಸಲ "ಬೇಡ" ಅಂದ. ಮೂರನೆಯ ಸಲ ಪೀಡೆ ತೊಲಗಲಿ ಅಂತ ಎದ್ದು ಕೂತ.

"ಒಂದೇ ಸಲ ಬರ್ತೀನಿ. ಹಿಡಿಸ್ಲಿಲ್ಲ ಅಂದ್ರೆ ಆಮೇಲೆ ನೀನೂ ಕರೀಬಾರ್ದು, ಇವಳೂ ಕರೀಬಾರ್ದು. ನನ್ನ ಪಾಡಿಗೆ ನನ್ನ ಬಿಟ್ಟುಬಿಡ್ಬೇಕು."

ಟೈಲರಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಬಿಟ್ಟುಬಿಡುವುದು ಅಂದರೆ ಏನು ಅಂತ ಅವಳಿಗೆ ಗೊತ್ತಿತ್ತು. ಇವನು ಮತ್ತೆ ಆ ಗೋಡೆಯ ಕಡೆ ತಿರುಗಿದರೆ ಇನ್ನು ಈ ಕಡೆ ತಿರುಗುವವನಲ್ಲ. ಅವಳ ಪಾಲಿಗೆ ಉಳಿದದ್ದು ಒಂದೇ ಒಂದು ಮ್ಯಾಚು.

ಆ ಮಧ್ಯಾಹ್ನ ಗಂಡನ ತೋಳು ಹಿಡಿದು ಅವಳು ಜನ್ಮದಲ್ಲಿ ಮೊದಲ ಸಲ ಮೈದಾನದೊಳಗೆ ಕಾಲಿಟ್ಟಳು. ಸಾಲಿನಲ್ಲಿ ಆಗಲೇ ನಾಲ್ವರು ಕೂತಿದ್ದರು. ಡ್ರೈವರನ ಆಚೆ ಪಕ್ಕಕ್ಕೆ ಹುಟ್ಟಿನಿಂದಲೇ ಕಣ್ಣಿಲ್ಲದ ಒಬ್ಬಳು ಅಜ್ಜಿ. ಮೊಮ್ಮಗ ಬಿಟ್ಟು ಹೋದ ಜಾಗದಲ್ಲಿ ರಾಣಿಯಂತೆ ಕೂತಿದ್ದಳು. ಆದರೆ ಆಟ ಹೇಳುವವರ ಕುರ್ಚಿ ಖಾಲಿ. ಯಾವಾಗಲೂ ಹೇಳುತ್ತಿದ್ದ ಶಾಲೆಯ ಮೇಷ್ಟ್ರಿಗೆ ಗಂಟಲು ಕಟ್ಟಿ ಸ್ವರವೇ ಹೊರಡುತ್ತಿಲ್ಲವಂತೆ. ನೆಂಟರ ಹುಡುಗಿ ಸಾಲನ್ನೆಲ್ಲ ಒಮ್ಮೆ ನೋಡಿ ಮೈಕನ್ನು ಸೀದಾ ಟೈಲರಮ್ಮನ ಕೈಗೆ ತುರುಕಿದಳು.

"ಆಂಟಿ, ನೀವೇ ಹೇಳಿ."

"ನಾನಾ! ಚೆಂಡು ದುಂಡಗಿರುತ್ತೆ ಅನ್ನೋದು ಬಿಟ್ರೆ ನನಗೆ ಬೇರೇನೂ ಗೊತ್ತಿಲ್ವಲ್ಲಮ್ಮ."

"ಅಷ್ಟು ಗೊತ್ತಿದ್ರೆ ಸಾಕು, ಉಳಿದದ್ದು ಕಂಡ ಹಾಗೆ ಹೇಳಿ. ನಮ್ಮೋರು ಹಸಿರು, ಅವರು ಹಳದಿ. ಎಡಗಡೆ ಇರೋದು ನಮ್ಮ ಗೋಲು, ಬಲಗಡೆದು ಅವರದ್ದು. ಒಂದೇ ಒಂದು ಮಾತು, ಸುಮ್ಮನಾಗ್ಬೇಡಿ. ಮಾತು ನಿಂತ್ರೆ ಇವರಿಗೆ ಗಾಬರಿ. ಏನೋ ಆಗಿದೆ, ನಮಗೆ ಹೇಳ್ತಿಲ್ಲ ಅಂದ್ಕೋತಾರೆ."

ಅಷ್ಟು ಹೇಳಿ ಹುಡುಗಿ ಗಾಲಿಕುರ್ಚಿಯವರನ್ನು ಒಳಗೆ ಬಿಡಿಸಲು ಗೇಟಿನ ಕಡೆ ನಡೆದಳು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು ಅಂತ ಟೈಲರಮ್ಮ ಮೈಕನ್ನೇ ನೋಡುತ್ತ ಕೂತಳು. ಪಕ್ಕದಲ್ಲಿ ಗಂಡ ಮೆಲ್ಲಗೆ, "ಮುಗೀತು ಕಥೆ" ಅಂದ.

ಸೀಟಿ ಊದಿದರು. ಅವಳು ಉಸಿರು ಎಳೆದುಕೊಂಡು ಶುರು ಮಾಡಿದಳು.

"ಎಲ್ಲಾರೂ ಓಡ್ತಿದಾರೆ. ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ. ಹಾಂ, ಚೆಂಡು ಅಲ್ಲಿದೆ. ಹಳದಿಯವನ ಹತ್ರ. ಹಳದಿ ಅಂದ್ರೆ ಅಂಥಾ ಹಳದಿ ಏನಲ್ಲ, ಹತ್ತು ಸಲ ಒಗೆದ ಹಳದಿ. ನಮ್ಮೋರಲ್ಲಿ ಒಬ್ಬನ ಚಡ್ಡಿ ಸೊಂಟಕ್ಕೆ ಸಡಿಲ. ಒಂದು ಕೈಲಿ ಹಿಡ್ಕೊಂಡೇ ಓಡ್ತಿದಾನೆ, ಪಾಪ. ಎಲಾಸ್ಟಿಕ್ ಬದಲಾಯ್ಸೋದು ಎಷ್ಟು ಹೊತ್ತಿನ ಕೆಲಸ? ಇಷ್ಟು ದೊಡ್ಡ ಕ್ಲಬ್ಬು, ಒಂದು ಸೂಜಿ ಇಲ್ವಾ?"

ಅಜ್ಜಿ ಕಿಸಕ್ಕನೆ ನಕ್ಕಳು. ಡ್ರೈವರ್ ಮಾತ್ರ ಹಲ್ಲು ಕಡಿದ.

"ಚೆಂಡು ಎಲ್ಲಿದೆ ಅಂತ ಹೇಳೇ, ಚಡ್ಡಿ ಯಾರಿಗೆ ಬೇಕು!"

ಬೈಗುಳವೇನೋ ಹೌದು. ಆದರೆ ಇಷ್ಟು ತಿಂಗಳಲ್ಲಿ ಅವನು ಅವಳಿಗೆ ಇಷ್ಟು ಉದ್ದದ ಮಾತು ಹೇಳಿದ್ದು ಅದೇ ಮೊದಲು. ಅವಳು ಚೆಂಡಿನ ಮೇಲೆ ಕಣ್ಣಿಟ್ಟಳು. ಇಟ್ಟರೇನು, ಅದು ನಿಂತ ಕಡೆ ನಿಲ್ಲುವ ವಸ್ತುವೇ? ಅವಳು "ಇಲ್ಲಿದೆ" ಅನ್ನುವಷ್ಟರಲ್ಲಿ ಅಲ್ಲಿರುತ್ತಿತ್ತು. ವಿರಾಮದ ಹೊತ್ತಿಗೆ ಅವಳ ಬಾಯಿ ಒಣಗಿತ್ತು, ಗೋಲು ಒಂದೂ ಆಗಿರಲಿಲ್ಲ, ಗಂಡನ ಮುಖ ಮನೆಯ ಗೋಡೆಯ ಹಾಗೇ ಇತ್ತು.

"ಸಾಕು" ಅಂದ ಅವನು, ಕಿವಿಯಿಂದ ಯಂತ್ರ ಕೀಳುತ್ತ. "ಮನೆಗೆ ಹೋಗೋಣ."

ಆದರೆ ಆಚೆಯಿಂದ ಅಜ್ಜಿ ಅವನ ಮೊಣಕೈ ಹಿಡಿದು ಜಗ್ಗಿದಳು. "ಕೂತ್ಕೊಳ್ಳಯ್ಯ ಸುಮ್ನೆ. ಆ ಚಡ್ಡಿ ನಿಲ್ಲುತ್ತೋ ಬೀಳುತ್ತೋ ತಿಳೀದೆ ನಾನು ನಿಮ್ಮನ್ನ ಬಿಡಲ್ಲ. ಆ ಮೇಷ್ಟ್ರು ಇಷ್ಟು ದಿನ ಆಟ ಹೇಳ್ತಿದ್ದ, ಬರೀ ಹೆಸರು, ಬರೀ ನಂಬರು. ಈ ಹುಡುಗರು ಬಟ್ಟೆ ಹಾಕ್ಕೊಂಡಿದಾರೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು."

ದೊಡ್ಡವಳ ಮಾತು ಮೀರಲಾಗದೆ ಅವನು ಯಂತ್ರ ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಕೂತ.

ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಎಡಗಡೆಯ ಗೋಲಿನ ಮುಂದೆ ಹಸಿರು ಹಳದಿ ಎಲ್ಲ ಗುಂಪುಗೂಡಿ ನೂಕಾಟಕ್ಕೆ ಬಿದ್ದವು. ಟೈಲರಮ್ಮ ಎದ್ದೇ ನಿಂತಳು.

"ನಮ್ಮ ಗೋಲಿನ ಮುಂದೇನೇ ರೀ! ಚೆಂಡು ಕಾಣ್ತಿಲ್ಲ. ಕಾಣ್ತು! ಚಡ್ಡಿಯವನ ಹತ್ರ ಇದೆ. ಏಯ್, ಆ ಕಡೆ ಒದಿಯೋ! ಅಯ್ಯಯ್ಯೋ, ಹೋಯ್ತು! ನಮ್ಮವನೇ ನಮ್ಮ ಗೋಲಿಗೆ ಹಾಕ್ಬಿಟ್ಟ! ಮನೆಹಾಳ!"

ಸಾಲಿನ ನಾಲ್ವರೂ ತಲೆ ಮೇಲೆ ಕೈ ಹೊತ್ತರು. ಅದೇ ಹೊತ್ತಿಗೆ ಇಡೀ ಗ್ಯಾಲರಿ ಹುಚ್ಚೆದ್ದು ಕುಣಿಯತೊಡಗಿತು.

"ನೋಡ್ರೀ ಅನ್ಯಾಯನ! ಹಾಳು ಮಾಡಿದ್ದಕ್ಕೆ ಅವನನ್ನ ತಬ್ಬಿಕೊಂಡು ಮುದ್ದು ಬೇರೆ ಮಾಡ್ತಿದಾರೆ! ಈ ಜನಕ್ಕೇನು ಬಂದಿದೆ, ಚಪ್ಪಾಳೆ ಹೊಡೀತಿದಾರಲ್ಲ, ನಾಚಿಕೆ ಇಲ್ವಾ ಇವರಿಗೆ?"

ಡ್ರೈವರ್ ಒಂದು ಗಳಿಗೆ ಬೆಪ್ಪಾಗಿ ಕೂತ. ಒಂದು ಕಿವಿಯಲ್ಲಿ ಹೆಂಡತಿಯ ಗೋಳು, ಇನ್ನೊಂದರಲ್ಲಿ ಸಾವಿರ ಜನರ ಸಂಭ್ರಮ. ಆಮೇಲೆ ಅವನ ಭುಜ ಅಲುಗಿತು. ಹೊಟ್ಟೆ ಅಲುಗಿತು. ನಗು ಎಲ್ಲಿತ್ತೋ ಏನೋ, ಕಟ್ಟೆ ಒಡೆದು ಬಂತು.

"ಲೇ, ವಿರಾಮ ಆದ್ಮೇಲೆ ಕಡೆ ಬದಲಾಯಿಸ್ತಾರೆ ಕಣೇ! ಈಗ ಎಡಗಡೆದು ಅವರ ಗೋಲು. ನಾವು ಗೋಲ್ ಹೊಡೆದಿದೀವಿ!"

"ಇದೆಲ್ಲಿಯ ನ್ಯಾಯ? ಹೇಳ್ದೆ ಕೇಳ್ದೆ ಮನೆ ಬದಲಾಯಿಸಿದ್ರೆ ನೋಡೋರಿಗೆ ಹೇಗ್ರೀ ಗೊತ್ತಾಗುತ್ತೆ?" ಅಂದಳು ಅವಳು ಮೈಕಿನಲ್ಲೇ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಅಜ್ಜಿಗೆ ಕೆಮ್ಮು ಹತ್ತಿಕೊಂಡಿತು.

ಗಂಡನ ನಗು ಕೇಳಿ ಟೈಲರಮ್ಮನಿಗೆ ಖುಷಿಯಾಯಿತು, ಹಿಂದೆಯೇ ಭಯವೂ ಆಯಿತು. ನಗು ಈಗ ನಿಲ್ಲುತ್ತದೆ, ಮ್ಯಾಚು ಮುಗಿಯುತ್ತದೆ, ಆಮೇಲೆ ಮತ್ತೆ ಆ ಮಂಚ. ಅಷ್ಟರಲ್ಲಿ ಹಳದಿಯವನೊಬ್ಬ ಕಾಲು ಹಿಡಿದುಕೊಂಡು ಬಿದ್ದ. ಆಟ ನಿಂತಿತು. ಡಾಕ್ಟರು ಓಡಿ ಬಂದರು, ಸ್ಟ್ರೆಚರ್ ಬಂತು, ಉಳಿದ ಆಟಗಾರರು ಇದ್ದಲ್ಲೇ ನಿಂತರು. ಹೇಳಲು ಏನೂ ಇರಲಿಲ್ಲ. ಆದರೆ ಸುಮ್ಮನಾಗುವಂತಿಲ್ಲವಲ್ಲ! ಅವಳು ಗ್ಯಾಲರಿಯಲ್ಲಿ ಯಾರು ಏನು ತಿನ್ನುತ್ತಿದ್ದಾರೆ ಅಂತ ಹೇಳಿದಳು. ಗೋಡೆಯ ಮೇಲೆ ಕೂತ ಕಾಗೆಗಳ ಬಗ್ಗೆ ಹೇಳಿದಳು. ಗೋಡೆಯಾಚೆ ಮಹಡಿಗಳ ಮೇಲೆ ಒಣಗಲು ಹಾಕಿದ ಬಟ್ಟೆ ಹೇಳಿದಳು. ಹಾಗೆ ನೋಡುತ್ತ ನೋಡುತ್ತ ಅವಳ ಕಣ್ಣು ಒಂದು ಕಡೆ ನಿಂತಿತು.

"ಇಲ್ಲಿಂದ ನಮ್ಮನೆ ಕಾಣುತ್ತೆ ರೀ" ಅಂದಳು. "ಹಿಂದಿನ ಕೋಣೆ ಕಿಟಕಿ. ಮುಚ್ಚಿದೆ."

ಅವಳು ಆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

"ಆ ಕಿಟಕಿ ಒಳಗೆ ಒಬ್ರು ಗೋಡೆ ಕಡೆ ಮುಖ ಮಾಡಿ ಮಲಗಿರ್ತಾರೆ. ಅವರ ಹೆಂಡ್ತಿ ಬಾಗಿಲಲ್ಲಿ ನಿಂತು ನೋಡ್ತಿರ್ತಾಳೆ. ನಿಂತಿದಾಳೆ ಅಂತ ಅವರಿಗೆ ಗೊತ್ತಾಗಲ್ಲ. ಆಮೇಲೆ ಅವಳು ಮುಂದಿನ ಕೋಣೆಗೆ ಬಂದು ಮೆಷಿನ್ ತುಳೀತಾಳೆ. ಬಟ್ಟೆ ಇಟ್ಟಿರಲ್ಲ, ದಾರ ಪೋಣಿಸಿರಲ್ಲ, ಬರೀ ಮೆಷಿನ್ ತುಳೀತಾಳೆ. ಅಳೋ ಶಬ್ದ ಹಿಂದಿನ ಕೋಣೆಗೆ ಕೇಳಿಸ್ಬಾರ್ದು ಅಂತ. ಕಣ್ಣು ಹೋಯ್ತಲ್ಲ ಅಂತ ಅಳಲ್ಲ ಅವಳು. ಕಣ್ಣು ಹೋದ್ರೆ ಹೋಯ್ತು, ಇವಳಿಗಿದೆಯಲ್ಲ ಎರಡು. ಮಾತು ಯಾಕೆ ಹೋಗ್ಬೇಕಿತ್ತು? ಬೈಯೋಕಾದ್ರೂ ಬೇಕಿತ್ತಲ್ಲ. ಅವಳಿಗೆ ಆ ಮನೇಲಿ ಇನ್ಯಾರಿದಾರೆ?"

ಮೈಕಿನಲ್ಲಿ ಮಾತು ನಿಂತಿತು. ಕೈಲಿರುವುದು ಮೈಕು, ಇದನ್ನು ಐದು ಜನ ಕೇಳಿಸಿಕೊಂಡರು ಅನ್ನುವುದು ಅವಳಿಗೆ ಆಗ ನೆನಪಾಯಿತು. ಅಜ್ಜಿ ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಂಡು ಕೂತಿದ್ದಳು.

ಸೀಟಿ ಕೇಳಿಸಿತು. ಬಿದ್ದವನನ್ನು ಹೊತ್ತುಕೊಂಡು ಹೋಗಿದ್ದರು, ಆಟ ಮತ್ತೆ ಶುರುವಾಗಿತ್ತು. ಟೈಲರಮ್ಮ ಮೈಕನ್ನು ಬಾಯಿಯ ಹತ್ತಿರ ತಂದಳು. ಮೈದಾನದ ತುಂಬ ಬಣ್ಣ ಬಣ್ಣದ ನೀರು ಬಿಟ್ಟರೆ ಏನೂ ಇರಲಿಲ್ಲ.

"ಆಟ ಶುರುವಾಗಿದೆ" ಅಂದಳು. "ಚೆಂಡು... ಚೆಂಡು ಯಾರ ಹತ್ರ ಇದೆ ಅಂದ್ರೆ..." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನನಗೇನೂ ಕಾಣ್ತಿಲ್ಲ ರೀ."

ಡ್ರೈವರನ ಕೈ ಗಾಳಿಯಲ್ಲಿ ತಡಕಾಡಿತು. ಮೊದಲು ಅವಳ ಮಂಡಿ ಸಿಕ್ಕಿತು, ಆಮೇಲೆ ಮುಂಗೈ. ಅದನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಕೊಡಿಲ್ಲಿ" ಅಂದ.

ಅವಳ ಕೈಯಿಂದ ಮೈಕು ತೆಗೆದುಕೊಂಡ. ತನ್ನ ಕಿವಿಯ ಯಂತ್ರ ಕಿತ್ತು ತೊಡೆಯ ಮೇಲಿಟ್ಟ. ಎರಡೂ ಕಿವಿಯನ್ನು ಮೈದಾನಕ್ಕೆ ಕೊಟ್ಟು, ತಲೆ ಒಂದಿಷ್ಟು ವಾರೆ ಮಾಡಿ, ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಹಿಂದಿನ ಬಾಗಿಲಿಗೆ ಕೇಳಿಸುವ ಹಾಗೆ ಮಾತಾಡುತ್ತಿದ್ದ ಆ ಗಟ್ಟಿ ಗಂಟಲಿನಲ್ಲಿ ಶುರು ಮಾಡಿದ.

"ಬಲಗಡೆ ಜನ ಗುಜುಗುಜು ಅಂತಿದಾರೆ, ಅಂದ್ರೆ ಚೆಂಡು ಆ ಕಡೆ ಇದೆ. ನಮ್ಮೋರ ಹತ್ರಾನೇ ಇದೆ, ಅವರ ಹತ್ರ ಇದ್ದಿದ್ರೆ ಇಷ್ಟು ಹೊತ್ತಿಗೆ ಬೈಗುಳ ಕೇಳ್ತಿತ್ತು. ಈಗ ಈ ಕಡೆ ಬರ್ತಿದೆ. ಕುರ್ಚಿ ಸದ್ದು ಕೇಳಿಸ್ತಾ? ನಮ್ಮ ಹಿಂದಿನೋರು ಎದ್ದು ನಿಂತ್ರು. ಯಾವನೋ ಒಬ್ಬ ಒಂಟಿಯಾಗಿ ಓಡ್ತಿದಾನೆ, ಎಲ್ಲಾರೂ ಉಸಿರು ಬಿಗಿ ಹಿಡಿದಿದಾರೆ. ಒದ್ದ! ಛೇ, ಛೇ. ಕಂಬಕ್ಕೆ ಬಡೀತು. ಗೋಲ್‌ಕೀಪರ್ ಹಿಡಿದಿದ್ರೆ ಕೈಗೆ ಬಡಿದ ಸದ್ದು ಬರ್ತಿತ್ತು, ಇದು ಕಂಬದ್ದೇ ಸದ್ದು."

ನಾಲ್ವರೂ ಛೇ ಅಂದರು. ಅವನು ಒಂದು ಕ್ಷಣ ಮೈಕನ್ನು ಎದೆಗೆ ಒತ್ತಿಕೊಂಡು ಪಕ್ಕಕ್ಕೆ ತಿರುಗಿದ. ಟೈಲರಮ್ಮ ಮೂಗು ಎಳೆದುಕೊಳ್ಳುವುದು ಅವನಿಗೆ ಕೇಳಿಸಿತು. ಅವನು ಮತ್ತೆ ಮೈಕನ್ನು ಬಾಯಿಗೆ ಹಿಡಿದ.

"ಆಟ ಹೇಳ್ತಿದ್ದೋಳು ನನ್ನ ಹೆಂಡ್ತಿ" ಅಂದ. "ಇಲ್ಲಿ ಪಕ್ಕದಲ್ಲೇ ಅಳ್ತಾ ಕೂತಿದಾಳೆ. ಅತ್ಕೊಳ್ಳಲಿ. ಇಷ್ಟು ದಿನ ಅವಳಿಗೆ ಜೋರಾಗಿ ಅಳೋಕೂ ಆಗಿಲ್ಲ. ಅವಳ ಕಣ್ಣು ಸರಿಹೋಗೋ ತನಕ ನಾನು ಹೇಳ್ತಿರ್ತೀನಿ."